ಅಟ್ಟದ ಬೀಗದಕೈ ಬ್ರೋಕರ್ ಹತ್ರ ಯಾಕಿರಬೇಕು?

ಮೊನ್ನೆ ತುರುವೇಕೆರೆ ಕಡೆ ನಮ್ಮೂರಿಗೆ ಹೋಗಿದ್ದಾಗ ದೊಡ್ಡಪ್ಪ ಒಂದು ಪ್ರಶ್ನೆ ಕೇಳಿದ್ರು. "ಅಲ್ಲ ಕಣೋ, ಎರವಲು ಶೇರು ತಂದು ಮಾರಿ, ರೇಟು ಬಿದ್ಮೇಲೆ ಕೊಂಡು ವಾಪಸ್ ಕೊಡ್ತಾರಂತಲ್ಲ, ಆ ಶೇರು ಎಲ್ಲಿಂದ ಬರುತ್ತೆ? ನನ್ನವನ್ನೇ ಬ್ರೋಕರ್ ಎತ್ಕೊಟ್ರೆ?"

ಒಳ್ಳೇ ಪ್ರಶ್ನೆ! ಅಮೆರಿಕದಲ್ಲಾದ್ರೆ ಈ ಭಯ ನಿಜವೇ. ಅಲ್ಲಿ ಮಾರ್ಜಿನ್ ಅಕೌಂಟಿನಲ್ಲಿ ಸಾಲ ಮಾಡಿ ಶೇರು ಕೊಂಡರೆ, ಬ್ರೋಕರ್ ಅದನ್ನು ಶಾರ್ಟ್ ಮಾಡೋರಿಗೆ ಕೊಡಬಹುದು. ಬೇಡ ಅನ್ನೋರು ಕ್ಯಾಶ್ ಅಕೌಂಟ್ ಇಟ್ಕೊಂಡು, ಎರವಲು ಕೊಡೋ ಸ್ಕೀಮಿಗೆ ಒಪ್ಪಿಗೆ ಕೊಡದಿದ್ರೆ ಆಯ್ತು. (ಕಂಪನಿ ಕೊಟ್ಟ ಅಮೆರಿಕದ ಶೇರು ಇರೋ ನನ್ನಂಥ ಸಾಫ್ಟ್‌ವೇರ್ ಮಂದಿ ಒಮ್ಮೆ ನೋಡ್ಕೊಳ್ಳಿ.)

ನಮ್ಮಲ್ಲಿ ಎಸ್‌ಎಲ್‌ಬಿ ಅನ್ನೋ ಎರವಲು ವ್ಯವಸ್ಥೆ 2008ರಿಂದ ಇದೆ. ಆದ್ರೆ ಅದಕ್ಕೆ ನೀವಾಗೇ ಶೇರು ಕೊಡಬೇಕು, ಬಾಡಿಗೆಯೂ ನಿಮಗೇ ಸಿಗುತ್ತೆ.

ದೊಡ್ಡಪ್ಪಂಗೆ ಸಮಾಧಾನ ಆಯ್ತು. ನನಗೆ ಆಗಲಿಲ್ಲ. ಅವರು ಡಿಮ್ಯಾಟ್ ಮಾಡಿಸಿದ್ದು 2008ರ ಜನವರಿಯಲ್ಲಿ, ರಿಲಯನ್ಸ್ ಪವರ್ ಐಪಿಓ ಜ್ವರದಲ್ಲಿ. ಏಜೆಂಟ್ ಇಂಟು ಮಾರ್ಕ್ ಹಾಕಿದ ಕಡೆಯೆಲ್ಲ ಸಹಿ ಹಾಕಿದ್ರಂತೆ. ಆ ಕಾಗದಗಳಲ್ಲಿ ಒಂದು ಪವರ್ ಆಫ್ ಅಟಾರ್ನಿ!

ಅದರಿಂದ ಏನಾಗಬಹುದು ಅಂತ ಕಾರ್ವಿ ಪ್ರಕರಣ ತೋರಿಸಿತು. ಗ್ರಾಹಕರ ಶೇರುಗಳನ್ನು ತನ್ನ ಖಾತೆಗೆ ಎಳೆದುಕೊಂಡು ಬ್ಯಾಂಕುಗಳಲ್ಲಿ ಅಡ ಇಟ್ಟಿದ್ದಕ್ಕೆ, ಸೆಬಿ 2019ರ ನವೆಂಬರ್ 22ರಂದು ಅದರ ಕೈ ಕಟ್ಟಿತು. ಡಿಸೆಂಬರ್ ಮೊದಲ ವಾರದಲ್ಲಿ ಸುಮಾರು 83 ಸಾವಿರ ಜನರ ಶೇರು ವಾಪಸ್ ಬಂತು. ಒಂದು ಪೈಸೆ ಬಾಕಿ ಇಲ್ಲದವರ ಶೇರೂ ಹೋಗಿತ್ತು ಅನ್ನೋದೇ ಹೊಟ್ಟೆ ಉರಿಸೋ ವಿಷಯ.

ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯನ್ನು ಹತ್ತಿರ ಹತ್ತಿರ ವರ್ಷ ಅಟ್ಟದಲ್ಲಿ ಒಣಗಿಸ್ತೀವಿ. ತಿಪಟೂರು ಮಂಡಿಯ ವರ್ತಕ ಎಷ್ಟೇ ಬೇಕಾದವನಾದ್ರೂ ಅಟ್ಟದ ಬೀಗದಕೈ ಕೊಡ್ತೀವಾ? ಪವರ್ ಆಫ್ ಅಟಾರ್ನಿ ಅಂದ್ರೆ ಅದೇ ಬೀಗದಕೈ.

ಸೆಬಿ ಆಮೇಲೆ ಒಳ್ಳೇ ಕೆಲಸ ಮಾಡಿದೆ. 2020ರಿಂದ ಮಾರ್ಜಿನ್‌ಗೆ ಅಡ ಇಟ್ಟ ಶೇರು ನಮ್ಮ ಖಾತೆಯಲ್ಲೇ ಉಳಿಯುತ್ತೆ. 2022ರಲ್ಲಿ ಪವರ್ ಆಫ್ ಅಟಾರ್ನಿ ಬದಲು ಡಿಡಿಪಿಐ ಬಂತು, ಅದರ ವ್ಯಾಪ್ತಿ ಕಡಿಮೆ, ಕೊಡಲೇಬೇಕು ಅಂತಲೂ ಇಲ್ಲ. ಆದ್ರೆ ಹಳೇದನ್ನು ಗ್ರಾಹಕ ರದ್ದು ಮಾಡೋವರೆಗೂ ನಡೆಯುತ್ತೆ ಅಂದುಬಿಟ್ರು. ನನ್ನ ತಕರಾರು ಇಲ್ಲೇ. ಸಹಿ ಹಾಕಿದ್ದೇ ಗೊತ್ತಿಲ್ಲದವರು ರದ್ದು ಹೇಗೆ ಮಾಡ್ತಾರೆ? ಒಂದು ತಾರೀಖು ಗೊತ್ತು ಮಾಡಿ ಹಳೇವನ್ನೆಲ್ಲ ಸಾಯಿಸಬೇಕಿತ್ತು.

ಸರಿ, ಅಲ್ಲೇ ಕೂತು ರದ್ದತಿ ಪತ್ರ ಬರೆದೆ. ಮಾರನೇ ದಿನ ಬ್ರಾಂಚಿಗೆ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸ್ಕೊಂಡ್ವಿ. ಡಿಪಾಸಿಟರಿಯಿಂದ ಬರೋ ಸ್ಟೇಟ್‌ಮೆಂಟ್ ಜೊತೆ ಬ್ರೋಕರ್ ಲೆಕ್ಕ ತಾಳೆ ನೋಡೋದನ್ನೂ ಹೇಳಿಕೊಟ್ಟೆ. ಇನ್ಮೇಲೆ ಮಾರೋವಾಗ ಮೊಬೈಲಿಗೆ ಓಟಿಪಿ ಬರುತ್ತೆ ಅಂದೆ.

"ಬಂದ ತಕ್ಷಣ ನಿಂಗೆ ಫೋನ್ ಮಾಡಿ ಓದಿ ಹೇಳ್ತೀನಿ ಬಿಡು" ಅಂದ್ರು ದೊಡ್ಡಪ್ಪ. ಅಯ್ಯೋ, ಓಟಿಪಿ ಯಾರಿಗೂ ಹೇಳ್ಬೇಡಿ ಅಂತ ಇನ್ನೊಂದು ಪಾಠ ಶುರು ಮಾಡ್ದೆ :)