ಭಾಗ 3: "ಸಾವಿರಾರು ವರ್ಷದ ಜಗಳ" ಅನ್ನೋ ಸುಳ್ಳು

ಇಸ್ರೇಲ್–ಪ್ಯಾಲೆಸ್ತೀನ್ ಅಂದ ತಕ್ಷಣ ಕ್ಲಾಸಲ್ಲಿ ಒಬ್ರಾದ್ರೂ ಹೇಳ್ತಾರೆ: "ಬಿಡೋ, ಅವರು ಸಾವಿರಾರು ವರ್ಷದಿಂದ ಹೊಡೆದಾಡ್ತಾನೇ ಇದ್ದಾರೆ."

ಇಲ್ಲ ಗುರು. ಇದು ನೂರು ಚಿಲ್ಲರೆ ವರ್ಷದ ಕಥೆ. ಇದಕ್ಕೆ ತಾರೀಕಿದೆ, ಸಹಿಯೂ ಇದೆ.

1917 ನವೆಂಬರ್ 2. ಪ್ಯಾಲೆಸ್ತೀನಲ್ಲಿ ಯಹೂದಿಗಳ "ರಾಷ್ಟ್ರೀಯ ನೆಲೆ"ಗೆ ನೆರವಾಗ್ತೀವಿ ಅಂತ ಬ್ರಿಟಿಷ್ ಮಂತ್ರಿ ಬಾಲ್ಫೋರ್ ಪತ್ರ ಬರೆದ. ಅಲ್ಲಿ ಬಹುಸಂಖ್ಯಾತರಾಗಿದ್ದ ಅರಬರ ಹೆಸರೇ ಅದರಲ್ಲಿಲ್ಲ. ಅವರು ಬರೀ "ಯಹೂದಿಯೇತರರು". ಮರುವರ್ಷ ಅಲ್ಲಿನ ಹೈಫಾ ಊರನ್ನು ಬ್ರಿಟಿಷರಿಗೆ ಗೆದ್ದುಕೊಟ್ಟವರಲ್ಲಿ ನಮ್ಮ ಮೈಸೂರಿನ ಕುದುರೆ ಸವಾರರೂ ಇದ್ರು.

ಆಮೇಲೆ ಯುರೋಪಲ್ಲಿ ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. ಉಳಿದವರಿಗೆ ನೆಲೆ ಬೇಕಿತ್ತು, ನಿಜ. ಆದ್ರೆ 1948ರಲ್ಲಿ ಮನೆ ಕಳ್ಕೊಂಡಿದ್ದು 7 ಲಕ್ಷದಷ್ಟು ಪ್ಯಾಲೆಸ್ತೀನಿಯರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಮುಂದೆ ಅರಬ್ ದೇಶಗಳಿಂದ ಲಕ್ಷಾಂತರ ಯಹೂದಿಗಳೂ ಊರು ಬಿಡಬೇಕಾಯ್ತು.

2023 ಅಕ್ಟೋಬರ್ 7ಕ್ಕೆ ಹಮಾಸ್ ಕೊಂದ ಮಕ್ಕಳಾಗಲಿ, ಗಾಜಾದಲ್ಲಿ ಇಸ್ರೇಲಿ ಬಾಂಬಿಗೆ ಸತ್ತ ಮಕ್ಕಳಾಗಲಿ, ಯಾರೂ ಆ ಪತ್ರಕ್ಕೆ ಸಹಿ ಹಾಕಿರ್ಲಿಲ್ಲ.

"ಸಾವಿರಾರು ವರ್ಷ" ಅಂದ್ರೆ ಯಾರದ್ದೂ ತಪ್ಪಿಲ್ಲ, ಪರಿಹಾರಾನೂ ಇಲ್ಲ ಅಂದಂಗೆ. ಮನುಷ್ಯರು ಶುರು ಮಾಡಿದ್ದನ್ನ ಮನುಷ್ಯರೇ ನಿಲ್ಲಿಸಬೇಕು.

ಮುಂದಿನ ಭಾಗ: 1967. ಒಪ್ಪದವರು ಕಾಮೆಂಟಲ್ಲಿ ಬನ್ನಿ, ಬೈಗುಳ ಬಿಟ್ಟು.