ತಲೆಗೆ ಸ್ಕ್ಯಾನ್, ಎದೆಗೆ ಎಚ್ಚರಿಕೆ

ಹೊಳಲ್ಕೆರೆಯ ಅಡಿಕೆ ತೋಟದಲ್ಲಿ ನೀರು ಹಾಯಿಸುತ್ತಿದ್ದ ರೈತರೊಬ್ಬರು 'ತಲೆ ಸಿಡಿದುಹೋಗ್ತಿದೆ' ಎಂದು ಕುಸಿದರೆನ್ನಿ. ಚಿತ್ರದುರ್ಗಕ್ಕೆ ಕರೆತಂದು ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವ. ಆದರೆ ವೈದ್ಯರು ಎದೆಗೂ ಇ.ಸಿ.ಜಿ. ತಂತಿ ಜೋಡಿಸುತ್ತಾರೆ. ತೊಂದರೆ ಇರುವುದು ತಲೆಯಲ್ಲಿ, ಎದೆಗೇಕೆ ತಂತಿ ಎಂದು ಮನೆಯವರು ಗಾಬರಿಯಾಗುವುದು ಸಹಜ.

ಮಿದುಳಿನ ಪಕ್ಕದ ಮಡಿಕೆಯಲ್ಲಿ ಅಡಗಿರುವ ಒಂದು ಭಾಗಕ್ಕೆ 'ಇನ್ಸುಲಾ' ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ದ್ವೀಪ. ಜರ್ಮನಿಯ ವೈದ್ಯ ರೈಲ್ 1809ರಲ್ಲಿ ಇದನ್ನು ವಿವರಿಸಿದ. ಹೃದಯದ ಬಡಿತ, ರಕ್ತದೊತ್ತಡಗಳ ಮೇಲೆ ಹಿಡಿತವಿರುವ ಭಾಗಗಳಲ್ಲಿ ಇದೂ ಒಂದು. ರಕ್ತಸ್ರಾವದಿಂದ ಇಂಥ ಭಾಗಗಳಿಗೆ ಪೆಟ್ಟು ಬಿದ್ದರೆ, ಅಥವಾ ತಲೆಬುರುಡೆಯೊಳಗಿನ ಒತ್ತಡ ಥಟ್ಟನೆ ಏರಿದರೆ, ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಹೃದಯದ ಸ್ನಾಯುಗಳಿಗೆ ಒಮ್ಮೆಲೇ ಸುರಿಯುತ್ತದೆ. ಹೃದಯದ ರಕ್ತನಾಳದಲ್ಲಿ ಅಡಚಣೆಯೇ ಇರದಿದ್ದರೂ ಸ್ನಾಯು ಸೋಲುತ್ತದೆ, ಬಡಿತ ತಾಳ ತಪ್ಪುತ್ತದೆ. ಹಿರಿಯೂರಿನ ರೈತರಿಗೆ ಇದು ಬೇಗ ಅರ್ಥವಾದೀತು. ಪೈಪು ಕಟ್ಟಿಕೊಳ್ಳದಿದ್ದರೂ ವೋಲ್ಟೇಜ್ ಏರಿದರೆ ಕೊಳವೆಬಾವಿಯ ಮೋಟಾರು ಸುಟ್ಟುಹೋಗುವುದಿಲ್ಲವೇ? ಪುಣ್ಯಕ್ಕೆ ಹೃದಯ ಮೋಟಾರಿಗಿಂತ ಗಟ್ಟಿ. ಅನೇಕರಲ್ಲಿ ಅದು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಅಷ್ಟು ದಿನ ರೋಗಿಯನ್ನು ಉಳಿಸಿಕೊಳ್ಳುವುದೇ ಕಷ್ಟ.

ಪಾರ್ಶ್ವವಾಯು ಪೀಡಿತರ ಇ.ಸಿ.ಜಿ.ಯಲ್ಲಿ ಏರುಪೇರಾಗುವುದನ್ನು ಅಮೆರಿಕದ ವೈದ್ಯರು 1947ರಲ್ಲೇ ವರದಿ ಮಾಡಿದ್ದರು. ರಕ್ತ ಎಲ್ಲಿ ನಿಂತಿದೆಯೆಂದು ಬುರುಡೆ ತೆರೆಯದೆ ನೋಡುವ ಸಿ.ಟಿ. ಯಂತ್ರ ರೋಗಿಯ ಮೇಲೆ ಮೊದಲು ಬಳಕೆಯಾದದ್ದು 1971ರಲ್ಲಿ, ಲಂಡನ್ನಿನಲ್ಲಿ. ಹೊಸ ರಕ್ತ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ಅದು ಎಷ್ಟಿದೆ, ಇನ್ಸುಲಾವನ್ನು ತಾಕಿದೆಯೇ ಎಂಬುದನ್ನು ಇ.ಸಿ.ಜಿ. ಹಾಗೂ ಟ್ರೋಪೋನಿನ್ ರಕ್ತಪರೀಕ್ಷೆಯ ಜೊತೆಗಿಟ್ಟು, ಯಾರ ಹೃದಯ ಕೈಕೊಡಬಹುದೆಂದು ಮುಂಚೆಯೇ ಊಹಿಸಲು ಸಂಶೋಧಕರು ಯತ್ನಿಸುತ್ತಿದ್ದಾರೆ. ಇನ್ಸುಲಾದ ಬಲಭಾಗಕ್ಕೆ ಪೆಟ್ಟಾದರೆ ಅಪಾಯ ಹೆಚ್ಚೋ, ಎಡಭಾಗಕ್ಕೋ ಎಂಬಲ್ಲಿ ಇನ್ನೂ ಒಮ್ಮತವಿಲ್ಲ. ಸ್ಕ್ಯಾನ್ ಫಿಲ್ಮು ಜಾತಕವೇನಲ್ಲ. ಯಾರ ಮೇಲೆ ಹೆಚ್ಚು ಕಣ್ಣಿಡಬೇಕೆಂದು ಅದು ಸೂಚಿಸಬಹುದು, ಅಷ್ಟೆ.

ಹೊಸದುರ್ಗದಂಥ ಊರಿನಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಸಾಗಿಸುವಾಗ ದಾರಿಯೇ ಗಂಟೆಗಟ್ಟಲೆ. ಆಗ ಹೃದಯದ ಮೇಲೆ ನಿಗಾ ಇಡುವ ಆಂಬುಲೆನ್ಸ್ ಬೇಕು; ಸ್ಕ್ಯಾನ್ ಫಿಲ್ಮು, ಇ.ಸಿ.ಜಿ. ಹಾಳೆ ಎರಡೂ ಜೊತೆಗಿರಬೇಕು. ಇನ್ನೊಂದು ಮಾತು: ಇದು ಹೃದಯಾಘಾತವಿರಬಹುದೆಂದು ಯಾರೋ ಹೇಳಿದರೆಂದು ಆಸ್ಪಿರಿನ್ ನುಂಗಿಸಬಾರದು. ತಲೆಯಲ್ಲಿ ರಕ್ತ ಸೋರುತ್ತಿದ್ದರೆ ಆ ಮಾತ್ರೆ ಸೋರಿಕೆಯನ್ನು ಇನ್ನಷ್ಟು ಹೆಚ್ಚಿಸಬಹುದು. ರಕ್ತ ಸೋರಿದೆಯೋ ಹೆಪ್ಪುಗಟ್ಟಿದೆಯೋ ಎಂಬುದು ಸ್ಕ್ಯಾನ್ ಆಗುವವರೆಗೆ ವೈದ್ಯರಿಗೂ ಖಚಿತವಾಗಿ ತಿಳಿಯದು.