ಎರಡು ಕೊಡ ನೀರಿನ ಹಿತ್ತಲು



ಓಣಿಯ ಹುಡುಗರ ಹಲಗೆಯ ಸದ್ದು ಕೇಳತೊಡಗಿ ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ನನ್ನ ಕೈ ತಾನಾಗಿಯೇ ಬೀಜದ ಡಬ್ಬಿಯ ಕಡೆಗೆ ಹೋಗುತ್ತದೆ. ನಿಮ್ಮದೂ ಹಾಗೆಯೇ ಇರಬೇಕು. ಬೇವು ಚಿಗುರಿದೆ, ಮಾವಿನಲ್ಲಿ ಹೀಚು ಕಾಣಿಸಿದೆ, ಸಂತೆಯಲ್ಲಿ ಬೀಜದ ಪೊಟ್ಟಣಗಳ ಮೇಲಿನ ಬಣ್ಣದ ಚಿತ್ರಗಳು ಕರೆಯುತ್ತಿವೆ. ನಮ್ಮ ಹಿತ್ತಲೊಂದು ಯಾಕೆ ಬರಿದಾಗಿರಬೇಕು ಅನ್ನಿಸುವುದು ಸಹಜ.

ಆದರೆ ಒಂದು ಗಳಿಗೆ ತಡೆಯಿರಿ. ವಸಂತವೆಂದರೆ ಬಿತ್ತನೆಯ ಕಾಲ ಎಂದು ಎಷ್ಟೋ ಪುಸ್ತಕಗಳು ಹೇಳುವುದು ಹಿಮ ಬೀಳುವ ನಾಡಿನವರಿಗೆ. ಅವರಿಗೆ ಮಾರ್ಚ್ ಕಳೆದರೆ ಮುಂದೆಲ್ಲ ಹಿತವಾದ ದಿನಗಳು. ನಮಗೆ ಹಾಗಲ್ಲ. ಯುಗಾದಿಯ ಬೇವು-ಬೆಲ್ಲದ ಬಟ್ಟಲು ತೊಳೆದಿಡುವುದರೊಳಗೆ ಬಿಸಿಲು ನೆತ್ತಿ ಸುಡುತ್ತದೆ. ಹೋಳಿ ಹುಣ್ಣಿಮೆಯಿಂದ ದವನದ ಹುಣ್ಣಿಮೆಯವರೆಗೆ, ಅಂದರೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಜನ ಏರುವವರೆಗಿನ ಒಂದು ತಿಂಗಳಿದೆಯಲ್ಲ, ಅದೇ ನಮ್ಮ ಬೇಸಿಗೆ ಬಿತ್ತನೆಯ ಅವಧಿ. ಅದರಲ್ಲಿ ಎಷ್ಟು ಬಿತ್ತಬೇಕು ಎನ್ನುವುದೇ ಈ ಸಲದ ಮಾತು.

ಸಂಗೊಳ್ಳಿ ಎಂದ ಕೂಡಲೇ ಹೊರಗಿನವರಿಗೆ ರಾಯಣ್ಣ ನೆನಪಾಗುತ್ತಾನೆ, ಆಗಲೇಬೇಕು. ಊರಲ್ಲೇ ಇರುವ ನಮಗೆ ಮಾರ್ಚ್ ಬಂತೆಂದರೆ ಮಲಪ್ರಭೆಯ ಪಾತ್ರದಲ್ಲಿ ನೀರೆಷ್ಟಿದೆ ಎಂಬುದೇ ಚಿಂತೆ. ಕಣಕುಂಬಿಯ ಮಳೆ ಚೆನ್ನಾಗಿದ್ದ ವರ್ಷ ಹೊಳೆಯೂ ಬಾವಿಯೂ ಕೈಬಿಡುವುದಿಲ್ಲ. ಅಲ್ಲಿ ಕಡಿಮೆಯಾದರೆ ಇಲ್ಲಿ ಕೊಡಗಳ ಸಾಲು.

2023ರಲ್ಲಿ ಹಾಗೇ ಆಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಸಾರಿತು. ಅದರ ಬಿಸಿ ಹಿತ್ತಲಿಗೆ ತಟ್ಟಿದ್ದು ಮುಂದಿನ ಬೇಸಿಗೆಯಲ್ಲಿ. 2024ರ ಹೋಳಿ ಮಾರ್ಚ್ 25ಕ್ಕೆ ಬಂದಿತ್ತು. ನಾನು ಎಂದಿನಂತೆ ಇಡೀ ಹಿತ್ತಲು ಅಗೆದು ಬೆಂಡಿ, ಹೀರಿ, ಸೌತಿ, ಮೆಂತೆ, ರಾಜಗಿರಿ ಎಲ್ಲ ಹಾಕಿದೆ. ನಮ್ಮ ಅತ್ತೆಯವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವರು, “ನೀರ ನೋಡಿ ಬೀಜಾ ಹಾಕಬೇಕವಾ, ಬೀಜಾ ಹಾಕಿ ನೀರ ಹುಡುಕಬಾರದು” ಅಂದರು. ನಾನು ನಕ್ಕು ಸುಮ್ಮನಾದೆ. ಮೂರು ವಾರದಲ್ಲಿ ಬಾವಿ ತಳ ಕಂಡಿತು, ನಳ ವಾರಕ್ಕೊಮ್ಮೆ ಬರತೊಡಗಿತು. ಮನೆಯ ಖರ್ಚು ಕಳೆದು ಹಿತ್ತಲಿಗೆ ಉಳಿದದ್ದು ದಿನಕ್ಕೆ ಎರಡೇ ಕೊಡ.

ಆ ಎರಡು ಕೊಡದ ಲೆಕ್ಕವನ್ನು ನಾನು ಆಮೇಲೆ ಕಲಿತೆ. ನೀವು ಮೊದಲೇ ಕಲಿಯಿರಿ. ನಮ್ಮ ಬೇಸಿಗೆಯಲ್ಲಿ ಒಂದು ಚದರ ಮೀಟರು ಮಡಿಗೆ ದಿನಕ್ಕೆ 5-6 ಲೀಟರ್ ನೀರು ಬೇಕು. ಪ್ಲಾಸ್ಟಿಕ್ ಕೊಡಕ್ಕೆ 15 ಲೀಟರ್ ಹಿಡಿದರೆ ಎರಡು ಕೊಡಕ್ಕೆ 30. ಅಂದರೆ ಐದು ಚದರ ಮೀಟರು, ಆರು ಅಡಿ ಅಗಲ, ಒಂಬತ್ತು ಅಡಿ ಉದ್ದ. ಒಂಬತ್ತು ವಾರಿ ಸೀರೆಯನ್ನು ನಡುವೆ ಮಡಚಿ ಹಾಸಿದರೆ ಹೆಚ್ಚುಕಡಿಮೆ ಅಷ್ಟೇ ಜಾಗ. ಅದಕ್ಕಿಂತ ಒಂದು ಗೇಣೂ ಹೆಚ್ಚಿಗೆ ಬಿತ್ತಬೇಡಿರಿ. ಲೆಕ್ಕ ಹಾಕುವಾಗ ಇವತ್ತು ಬಾವಿಯಲ್ಲಿರುವ ನೀರು ಹಿಡಿಯಬೇಡಿರಿ, ಬಸವ ಜಯಂತಿಯ ಹೊತ್ತಿಗೆ ಎಷ್ಟು ಉಳಿದೀತು ಎಂಬುದನ್ನು ಹಿಡಿಯಿರಿ.

ಇನ್ನು ಆ ಸೀರೆಯಗಲದ ಮಡಿ. ಬೈಲಹೊಂಗಲ, ಸವದತ್ತಿ ಕಡೆಯ ಎರೆ ಮಣ್ಣು ನೀರು ಹಿಡಿಯುವುದರಲ್ಲಿ ಜಾಣ, ಆದರೆ ಒಣಗಿದರೆ ಬೆರಳು ತೂರುವಷ್ಟು ಬಿರಿಯುತ್ತದೆ. ಬಿರುಕು ಬಿಟ್ಟ ಮಡಿಗೆ ಹಾಕಿದ ನೀರು ಬೇರಿಗೆ ದಕ್ಕದೆ ಸೀದಾ ಪಾತಾಳಕ್ಕೆ ಇಳಿಯುತ್ತದೆ. ಆದ್ದರಿಂದ ನೀರುಣಿಸಿದ ಮರುದಿನ, ಮಣ್ಣು ಹದವಾಗಿರುವಾಗ, ಕುರಪಿಯಿಂದ ಮೇಲಿನ ಒಂದು ಅಂಗುಲ ಸಡಿಲಿಸಿರಿ. ಅದರ ಮೇಲೆ ಶೇಂಗಾ ಹೊಟ್ಟೋ, ಕಬ್ಬಿನ ರವದಿಯೋ, ಏನು ಸಿಕ್ಕರೆ ಅದನ್ನು ಎರಡಂಗುಲ ದಪ್ಪ ಹರಡಿರಿ. ಈ ಹೊದಿಕೆಯೊಂದಿದ್ದರೆ ಮೂರು ದಿನದ ನೀರು ನಾಲ್ಕು ದಿನ ಬಂದೀತು. ಕಿತ್ತೂರಿನ ಕಡೆ ಕೆಂಪು ಮಸಾರಿ ಮಣ್ಣು ಇದ್ದವರಿಗೆ ಬಿರುಕಿನ ಕಾಟ ಕಡಿಮೆ, ಆದರೆ ನೀರು ಬೇಗ ಇಂಗುತ್ತದೆ. ಅವರು ಹಳೆಯ ತಿಪ್ಪೆ ಗೊಬ್ಬರ ಧಾರಾಳವಾಗಿ ಬೆರೆಸಲಿ. ಹಳೆಯದು ಅಂದರೆ ಕೈಯಲ್ಲಿ ಹಿಡಿದರೆ ಮಣ್ಣಿನ ವಾಸನೆ ಬರುವಂಥದು. ಹಸಿ ಸಗಣಿ ಹಾಕಿದರೆ ಬೇರು ಸುಡುತ್ತದೆ, ಗೆದ್ದಲಿಗೂ ಔತಣ.

ಅಷ್ಟು ಜಾಗದಲ್ಲಿ ಏನು ಹಾಕಬೇಕು? ಮೊದಲು ಚವಳಿಕಾಯಿ, ಮೈಸೂರು ಕಡೆಯವರ ಗೋರಿಕಾಯಿ. ಬಿಸಿಲಿಗೆ ಹೆದರದ ಗಿಡ. ನೀರು ಹೆಚ್ಚಾದರೇ ಅದಕ್ಕೆ ಮುನಿಸು. ಪುಂಡಿಪಲ್ಲೆಯೂ ಗಟ್ಟಿ ಜೀವ. ರಾಜಗಿರಿಯನ್ನು ನುಗ್ಗೆ ಗಿಡದ ನೆರಳಂಚಿನಲ್ಲಿ ಚೆಲ್ಲಿದರೆ 25 ದಿನಕ್ಕೆ ಒಂದು ಹೊತ್ತಿನ ಪಲ್ಯ. ಮೆಂತೆ ಈಗ ಬೇಡ, ಬಿಸಿಲಿಗೆ ಗೇಣುದ್ದ ಆಗುವ ಮೊದಲೇ ಹೂ ಬಿಟ್ಟು ಕಹಿಯಾಗುತ್ತದೆ. ತೀರ ಆಸೆಯಿದ್ದರೆ ಅಡುಗೆಮನೆಯ ಹಿಂದೆ ಒಂದು ಬುಟ್ಟಿಯಲ್ಲಿ ಹಾಕಿ ಅಕ್ಕಿ-ಬೇಳೆ ತೊಳೆದ ನೀರು ಕೊಡಿರಿ. ಟೊಮೆಟೊದ ಆಸೆ ಬಿಟ್ಟುಬಿಡಿರಿ, ಈ ಕಾವಿನಲ್ಲಿ ಹೂವೆಲ್ಲ ಉದುರಿ ನಿಮಗೆ ಸಿಟ್ಟು ಬರುವುದಷ್ಟೇ ಲಾಭ.

ಹೀರೆಗೆ ಮಾತ್ರ ನಾನು ಹರವಿ ಹೂಳುತ್ತೇನೆ. ಬೇಸಿಗೆಯ ಹಿತ್ತಲಿಗೆ ಇದಕ್ಕಿಂತ ಉತ್ತಮ ಉಪಾಯ ನನಗೆ ಗೊತ್ತಿಲ್ಲ, ಖರ್ಚೂ ಇಲ್ಲ. ಹಳೆಯ ಮಣ್ಣಿನ ಹರವಿ ಮನೆಯಲ್ಲಿ ಇದ್ದೇ ಇರುತ್ತದೆ. ಮೊದಲು ನೀರು ತುಂಬಿ ಕಟ್ಟೆಯ ಮೇಲಿಡಿರಿ. ಸಂಜೆಯೊಳಗೆ ಹೊರಮೈ ಬೆವರಿದರೆ ಸರಿ. ಬೆವರದಿದ್ದರೆ ಉಪ್ಪು ಕಟ್ಟಿ ಅದರ ರಂಧ್ರ ಮುಚ್ಚಿವೆ ಎಂದರ್ಥ, ಅಂಥದು ಬೇಡ. ಬಣ್ಣ ಬಳಿದದ್ದೂ ಬೇಡ. ಬೆವರುವ ಹರವಿಯನ್ನು ಕುತ್ತಿಗೆಯವರೆಗೆ ಹೂತು, ಸುತ್ತ ಒಂದು ಗೇಣು ದೂರದಲ್ಲಿ ನಾಲ್ಕು ಕಡೆ ಬೀಜ ಊರಿರಿ. ಬೀಜವನ್ನು ರಾತ್ರಿಯೇ ನೆನೆಸಿಟ್ಟಿರಬೇಕು, ಒಂದಂಗುಲಕ್ಕಿಂತ ಆಳ ಹೋಗಬಾರದು. ಮೊಳಕೆ ಬರುವವರೆಗೆ ಮೇಲೆ ಚಿಮುಕಿಸಿರಿ, ಆಮೇಲೆ ಹರವಿಯನ್ನಷ್ಟೇ ತುಂಬಿಸಿರಿ. ಬೇರು ತಾನಾಗಿ ಹರವಿಯ ಕಡೆ ಬಂದು ಅದನ್ನು ತಬ್ಬಿಕೊಳ್ಳುತ್ತದೆ. ಬಾಯಿಗೆ ಒಂದು ಮುಚ್ಚಳ ಮರೆಯಬೇಡಿರಿ. ಸೊಳ್ಳೆ ಮೊಟ್ಟೆಯಿಡುತ್ತವೆ, ಓತಿಕ್ಯಾತ ಬಿದ್ದು ಸಾಯುತ್ತದೆ. ಮೂರು-ನಾಲ್ಕು ದಿನಕ್ಕೊಮ್ಮೆ ತುಂಬಿಸಿದರೆ ಸಾಕು. ಐವತ್ತು ದಿನದ ಆಚೀಚೆ ಮೊದಲ ಕಾಯಿ. ಪಲ್ಯ ಮಾಡಿ ಸಿಪ್ಪೆ ಬಿಸಾಡಬೇಡಿರಿ, ಎಳ್ಳು ಹುರಿದು ಹಾಕಿ ಚಟ್ನಿ ಅರೆದರೆ ರೊಟ್ಟಿಗೆ ಬೇರೇನೂ ಬೇಡ.

ಹೀರೆಯ ಬಳ್ಳಿ ಹಬ್ಬಲು ತೊಗರಿಕಟ್ಟಿಗೆ ಒಳ್ಳೆಯದು. ನಮ್ಮಲ್ಲಿ ಹತ್ತಿಕಟ್ಟಿಗೆಯೂ ರಾಶಿಗಟ್ಟಲೆ ಸಿಗುತ್ತದೆ, ಆದರೆ ಬೆಂಡಿ ಹಾಕಿದವರು ಅದನ್ನು ಹತ್ತಿರ ತರಬೇಡಿರಿ. ಹತ್ತಿಯೂ ಬೆಂಡಿಯೂ ಒಂದೇ ಕುಲದವು. ಒಂದರ ಹುಳ ಇನ್ನೊಂದಕ್ಕೆ ಬರುತ್ತದೆ. ಬೆಂಡಿಯ ಎಲೆ ನರ ಹಳದಿಯಾಗುವ ರೋಗ ಬಿಳಿ ನೊಣದಿಂದ ಹರಡುವಂಥದು, ಅದಕ್ಕೆ ಮದ್ದಿಲ್ಲ. ಅಂಥ ಗಿಡ ಕಂಡ ದಿನವೇ ಕಿತ್ತು ಸುಟ್ಟುಬಿಡಿರಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ತಳಿ ಈ ರೋಗವನ್ನು ತಡೆಯಲೆಂದೇ ಬಂದದ್ದು. ಹೇನಿಗೆ ತಣ್ಣಗಾದ ಒಲೆಬೂದಿ ಉದುರಿಸಿರಿ. ಹೆಚ್ಚಾದರೆ ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಚಿಟಿಕೆ ಸಾಬೂನು ಕದಡಿ ಸಂಜೆ ಸಿಂಪಡಿಸಿರಿ. ಬಿಸಿಲಲ್ಲಿ ಬೇಡ, ಎಲೆ ಸುಡುತ್ತದೆ.

ಬೈಲಹೊಂಗಲದ ಸೋದರಿಯೊಬ್ಬರು ಹೀರೆಯ ಹೂವೆಲ್ಲ ಉದುರುತ್ತದೆ, ಕಾಯಿ ಕಟ್ಟುವುದಿಲ್ಲ, ಯಾರದೋ ದೃಷ್ಟಿಯೇನೋ ಎಂದು ಬರೆದಿದ್ದಾರೆ. ದೃಷ್ಟಿಯಲ್ಲ ತಂಗೀ. ಮೊದಲು ಬರುವವು ಗಂಡು ಹೂಗಳು, ಸೆಕೆ ಹೆಚ್ಚಾದಷ್ಟೂ ಅವೇ ಜಾಸ್ತಿ. ಬುಡದಲ್ಲಿ ಕಿರುಬೆರಳಿನಷ್ಟು ಕಾಯಿ ಹೊತ್ತು ಬರುವುದು ಹೆಣ್ಣು ಹೂ. ಹೀರೆ ಅರಳುವುದು ಸಂಜೆಗೆ. ಆ ಹೊತ್ತಿಗೆ ಜೇನು ಬರದಿದ್ದರೆ ನೀವೇ ಒಂದು ಗಂಡು ಹೂ ಕಿತ್ತು ಹೆಣ್ಣು ಹೂವಿನ ನಡುವೆ ಮೆಲ್ಲಗೆ ತಾಗಿಸಿರಿ. ದೀಪ ಹಚ್ಚುವ ಮುಂಚೆ ಐದು ನಿಮಿಷದ ಕೆಲಸ.

ಬಚ್ಚಲ ನೀರಿನ ಬಗ್ಗೆಯೂ ಎರಡು ಮಾತು. ಮೈ ತೊಳೆದ ನೀರು ಬಾಳೆಗೆ, ಬಸಳೆಗೆ, ಕೆಸುವಿಗೆ ಹರಿಯಲಿ. ಬಟ್ಟೆ ಸೋಪಿನ ಪುಡಿಯ ನೀರು ಮಾತ್ರ ಸೊಪ್ಪಿನ ಮಡಿಗೆ ಬೇಡ; ಅದರಲ್ಲಿನ ಸೋಡಾ ಸೇರಿದ ಎರೆ ಮಣ್ಣು ವರ್ಷದೊಳಗೆ ಹೆಂಟೆಗಟ್ಟಿ ನೀರೇ ಇಳಿಯದಂತಾಗುತ್ತದೆ. ತುಳಸಿಯ ತೆನೆ ಚಿವುಟುತ್ತಿರಿ. ದುಂಡುಮಲ್ಲಿಗೆಯನ್ನು ಈಗ ಕತ್ತರಿಸಬೇಡಿರಿ, ಅದರ ಕಾಲ ಚಳಿಯಲ್ಲೇ ಮುಗಿಯಿತು.

ಆ ವರ್ಷ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಅತ್ತೆಯವರು ರಾಮದುರ್ಗದ ಕಡೆಯ ತವರಿನಿಂದ ತಂದ ಮುಳಗಾಯಿ ನಮ್ಮಲ್ಲಿತ್ತು. ಲಿಂಬೆಗಿಂತ ಸ್ವಲ್ಪ ದೊಡ್ಡದು, ಹಸಿರು ಮೈಮೇಲೆ ಬಿಳಿ ಗೆರೆ, ತೊಟ್ಟಿಗೆ ಚುಚ್ಚುವ ಮುಳ್ಳು. ಪ್ರತಿ ವರ್ಷ ಒಂದು ಕಾಯಿಯನ್ನು ಹಳದಿಯಾಗುವವರೆಗೆ ಗಿಡದಲ್ಲೇ ಬಿಟ್ಟು ಬೀಜ ತೆಗೆದು, ಬೂದಿ ಬೆರೆಸಿ ಗಂಟು ಕಟ್ಟಿಡುತ್ತಿದ್ದರು. ಬರದ ವರ್ಷ ಸಿಕ್ಕಿದ್ದು ಒಂದು ಚಿಟಿಕೆ ಬೀಜ. ಹಳೆಯದೂ ಉಳಿದಿರಲಿಲ್ಲ. ಸಂಕ್ರಾಂತಿಯಲ್ಲಿ ನಾನು ಆ ಚಿಟಿಕೆಯನ್ನೂ ಪೂರಾ ಸಸಿಮಡಿಗೆ ಹಾಕಿ ಹನ್ನೆರಡು ಸಸಿ ಎಬ್ಬಿಸಿದೆ.

ನೀರು ಎರಡು ಕೊಡಕ್ಕೆ ಇಳಿದಾಗ ಅತ್ತೆಯವರು, “ಬೆಂಡಿ, ಮೆಂತೇವು ಕಿತ್ತ ಹಾಕು. ಮುಳಗಾಯಿ ಉಳಿಸ್ಕೊ” ಅಂದರು. ಹಸಿರಾಗಿ ನಿಂತ ಗಿಡ ಕೀಳಲು ನನ್ನ ಕೈ ಬರಲಿಲ್ಲ. ಎಲ್ಲದಕ್ಕೂ ಒಂದೊಂದು ಚೊಂಬು ಹಂಚುತ್ತ ಹೋದೆ. ಮೇಲಿನ ಮಣ್ಣು ಒದ್ದೆಯಾಗುತ್ತಿತ್ತು, ಬೇರಿನವರೆಗೆ ಒಂದು ಹನಿಯೂ ಇಳಿಯುತ್ತಿರಲಿಲ್ಲ. ಬೆಂಡಿ ಹೋಯಿತು, ಸೌತಿ ಹೋಯಿತು. ಬಸವ ಜಯಂತಿಗೆ ಮೂರು ಮುಳಗಾಯಿ ಗಿಡ ಉಳಿದಿದ್ದವು. ಮೊದಲ ದೊಡ್ಡ ಮಳೆ ಬೀಳುವ ಹೊತ್ತಿಗೆ ಅವೂ ಇರಲಿಲ್ಲ. ಹನ್ನೆರಡಕ್ಕೆ ಬದಲು ನಾಲ್ಕು ಗಿಡಕ್ಕೆ, ದಿನ ಬಿಟ್ಟು ದಿನ ಅರ್ಧರ್ಧ ಕೊಡ ಬುಡಕ್ಕೆ ಇಳಿಸಿದ್ದರೆ ಬದುಕುತ್ತಿದ್ದವು. ಅರ್ಧ ಬೀಜ ಗಂಟಿನಲ್ಲೇ ಬಿಟ್ಟಿದ್ದರಂತೂ ಚಿಂತೆಯೇ ಇರಲಿಲ್ಲ. ಬದನೆ ಬೀಜ ಒಣಗಿಸಿ ತಂಪಿನಲ್ಲಿಟ್ಟರೆ ಮೂರು ವರ್ಷ ಕೆಡುವುದಿಲ್ಲ.

ಅತ್ತೆಯವರು ಒಂದು ಮಾತೂ ಆಡಲಿಲ್ಲ. ಸಂತೆಯ ಮುಳಗಾಯಿ ತಂದು ಎಣ್ಣೆಗಾಯಿ ಮಾಡಿದ ದಿನ ಒಂದು ತುತ್ತು ತಿಂದು, “ಇದು ಬ್ಯಾರೆ ಐತಿ” ಅಂದರು ಅಷ್ಟೇ.

ಪೊಟ್ಟಣದ ಹೈಬ್ರಿಡ್ ಬೀಜ ಬೇಕಾದಾಗ ಅಂಗಡಿಯಲ್ಲಿ ಸಿಗುತ್ತದೆ; ಅದರ ಕಾಯಿಯಿಂದ ಬೀಜ ತೆಗೆದರೆ ಮುಂದಿನ ವರ್ಷ ಅದೇ ತಳಿ ಬರುವುದಿಲ್ಲ. ನಿಮ್ಮ ಅತ್ತೆಯದೋ ತಾಯಿಯದೋ ಗಂಟು ಮನೆಯಲ್ಲಿದ್ದರೆ ಈ ಬೇಸಿಗೆಗೆ ಅರ್ಧವನ್ನಷ್ಟೇ ಬಿಚ್ಚಿರಿ. ಅದರಲ್ಲೂ ನಾಲ್ಕು ಕಾಳು ನೆರೆಮನೆಯವರಿಗೆ ಕೊಟ್ಟಿಡಿರಿ. ನಿಮ್ಮಲ್ಲಿ ಒಣಗಿದರೆ ಅವರಲ್ಲಿ ಉಳಿದೀತು.

ರಾಮದುರ್ಗ, ಸವದತ್ತಿ ಕಡೆಯ ಸೋದರಿಯರೆ, ಬಿಳಿ ಗೆರೆಯ ಆ ಮುಳ್ಳು ಮುಳಗಾಯಿ ನಿಮ್ಮ ಯಾರ ಹಿತ್ತಲಲ್ಲಾದರೂ ಇದ್ದರೆ ಹತ್ತು ಕಾಳು ಕಾಗದದಲ್ಲಿ ಮಡಚಿ, ಲಕೋಟೆಯಲ್ಲಿ ಹಾಕಿ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿರಿ. ಮೇಲೆ ‘ಮುಳಗಾಯಿ’ ಎಂದು ಬರೆದರೆ ಸಾಕು, ನನಗೆ ತಲುಪುತ್ತದೆ. ಬದಲಿಗೆ ನಮ್ಮ ಹರವಿಯ ಹೀರೆಯ ಬೀಜ ಕಳುಹಿಸುತ್ತೇನೆ. ಅತ್ತೆಯವರಿಗೆ ಇನ್ನೂ ಹೇಳಿಲ್ಲ.